ಮಾರುವ ಮನೆಗೆ ಬಣ್ಣಕ್ಕಿಂತ ಮೊದಲು

ನಮ್ಮಲ್ಲಿ ಮನೆ ಮಾರಲು ಹೊರಟವರು ಮೊದಲು ಕರೆಸುವುದು ಬಣ್ಣದವರನ್ನು. ಬ್ರೋಕರ್ ಕೂಡ ಅದನ್ನೇ ಹೇಳುತ್ತಾರೆ: ಒಂದು ಕೋಟ್ ಹೊಡೆಸಿಬಿಡಿ, ಮನೆ ಎದ್ದು ಕಾಣುತ್ತದೆ. ಆಮೇಲೆ ಕೊಳ್ಳುವವರು ಬರುತ್ತಾರೆ. ಕೋಣೆ ಎಣಿಸುತ್ತಾರೆ, ಬಾಗಿಲು ಯಾವ ದಿಕ್ಕಿಗಿದೆ ಎಂದು ನೋಡುತ್ತಾರೆ, ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳುತ್ತಾರೆ, ದಾಖಲೆಗಳ ಜೆರಾಕ್ಸ್ ಹಿಡಿದು ವಕೀಲರ ಬಳಿಗೆ ಹೋಗುತ್ತಾರೆ. ವಕೀಲರು ಮೂಲಪತ್ರ, ಋಣಭಾರ ಪತ್ರ, ಖಾತಾ, ವಂಶವೃಕ್ಷ, ಕಂದಾಯದ ರಸೀದಿ ಎಲ್ಲವನ್ನೂ ಓದಿ ಅಭಿಪ್ರಾಯ ಬರೆದುಕೊಡುತ್ತಾರೆ. ಸಾಲ ಬೇಕಿದ್ದರೆ ಬ್ಯಾಂಕಿನ ಮೌಲ್ಯಮಾಪಕರು ಬಂದು ಅಳತೆ, ಫೋಟೊ ತೆಗೆದುಕೊಂಡು ಬೆಲೆ ನಮೂದಿಸಿ ಹೋಗುತ್ತಾರೆ. ಇಷ್ಟು ಜನ ಬಂದುಹೋದರೂ ತಾರಸಿ ಹತ್ತಿ ಟ್ಯಾಂಕಿನ ಬುಡ ನೋಡಿದವರು, ಬಚ್ಚಲಿನ ಕೆಳಗೆ ಬರುವ ಕೋಣೆಯ ಸೂರನ್ನು ತಟ್ಟಿ ನೋಡಿದವರು, ಅರ್ತಿಂಗ್ ಕೆಲಸ ಮಾಡುತ್ತಿದೆಯೇ ಎಂದು ಅಳೆದವರು ಸಾಮಾನ್ಯವಾಗಿ ಒಬ್ಬರೂ ಇರುವುದಿಲ್ಲ. ಒಂದು ಕುಟುಂಬದ ಜೀವಮಾನದ ಉಳಿತಾಯ, ಅದರ ಮೇಲೆ ಇಪ್ಪತ್ತು ವರ್ಷದ ಸಾಲ, ಎರಡೂ ಹೀಗೆ ಬರೀ ಕಾಗದದ ಬಲದ ಮೇಲೆ ಕೈ ಬದಲಾಗುತ್ತವೆ.

ಈ ತಪಾಸಣೆ ಆಗಬೇಕು ಎಂಬುದರಲ್ಲಿ ಹೆಚ್ಚು ಜನರಿಗೆ ತಕರಾರಿಲ್ಲ. ಯಾರು ಮಾಡಿಸಬೇಕು, ಯಾವಾಗ ಮಾಡಿಸಬೇಕು ಎಂಬಲ್ಲಿ ಭಿನ್ನಾಭಿಪ್ರಾಯವಿದೆ. ಕೊಳ್ಳುವವರ ಎಚ್ಚರಿಕೆ ಕೊಳ್ಳುವವರಿಗೇ ಬಿಟ್ಟದ್ದು ಎಂಬುದು ನಮ್ಮ ವಾಡಿಕೆ. ಈ ವಾಡಿಕೆ ಕಾನೂನಿಗೂ ಹೊಂದುವುದಿಲ್ಲ, ಮಾರುವವರ ಹಿತಕ್ಕೂ ಒಳ್ಳೆಯದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಯನ್ನು ಮಾರಾಟಕ್ಕಿಡುವ ಮೊದಲೇ, ಬಣ್ಣ ಬಳಿಯುವ ಮೊದಲೇ, ಮಾರುವವರೇ ತಪಾಸಣೆ ಮಾಡಿಸಬೇಕು.

ಮೊದಲು ಕಾನೂನಿನ ಮಾತು. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಇಂದಿಗೂ ನಮ್ಮ ಮನೆ ಮಾರಾಟಗಳನ್ನು ಆಳುತ್ತಿದೆ. ಅದರ 55ನೇ ಕಲಮಿನ ಮೊದಲ ಉಪಬಂಧವೇ ಮಾರುವವರ ಹೊಣೆಯನ್ನು ಹೇಳುತ್ತದೆ. ಸ್ವತ್ತಿನಲ್ಲಾಗಲಿ ಅದರ ಹಕ್ಕಿನಲ್ಲಾಗಲಿ ಮುಖ್ಯವಾದ ದೋಷವಿದ್ದು, ಅದು ಮಾರುವವರಿಗೆ ತಿಳಿದಿದ್ದು, ಕೊಳ್ಳುವವರಿಗೆ ತಿಳಿಯದೆ, ಸಾಮಾನ್ಯ ಎಚ್ಚರಿಕೆಯಿಂದ ಅವರಿಗೆ ಅದು ಕಾಣಸಿಗದಂತಿದ್ದರೆ, ಮಾರುವವರು ಹೇಳಲೇಬೇಕು. ಅದೇ ಕಲಮಿನ ಕೊನೆಯಲ್ಲಿ, ಹೇಳದೆ ಬಿಡುವುದು ವಂಚನೆ ಎಂದೂ ಇದೆ. ಹಕ್ಕಿನ ದೋಷಕ್ಕೂ ಕಟ್ಟಡದ ದೋಷಕ್ಕೂ ಈ ಕಾಯ್ದೆ ಭೇದ ಮಾಡಿಲ್ಲ. ಭೇದ ಮಾಡಿದವರು ನಾವು. ಹಕ್ಕಿಗೆ ವಕೀಲರನ್ನು ಇಟ್ಟೆವು, ಗೋಡೆಗೆ ಯಾರನ್ನೂ ಇಡಲಿಲ್ಲ. 2016ರ ರೇರಾ ಕಾಯ್ದೆಯೂ ಹಳೆಯ ಮನೆಗಳ ಮಟ್ಟಿಗೆ ಈ ಕೊರತೆ ತುಂಬಲಿಲ್ಲ. ಅದು ಹಿಡಿಯುವುದು ಬಿಲ್ಡರನ್ನು, ಒಬ್ಬ ಮಾಲೀಕ ಇನ್ನೊಬ್ಬರಿಗೆ ಮಾರುವ ಮನೆ ಅದರ ಕೈಗೆ ಸಿಗುವುದಿಲ್ಲ.

ಬೇರೆ ದೇಶಗಳು ಈ ಪ್ರಶ್ನೆಯನ್ನು ಬಗೆಹರಿಸಿಕೊಂಡ ರೀತಿ ಒಂದೇ ಇಲ್ಲ. ಸ್ಕಾಟ್ಲೆಂಡಿನಲ್ಲಿ ಹಿಂದೆ ಒಂದು ಮನೆಗೆ ಐದಾರು ಜನ ಮುಚ್ಚಿದ ಲಕೋಟೆಯಲ್ಲಿ ಬೆಲೆ ಕೂಗುತ್ತಿದ್ದರು. ಕೂಗುವ ಮೊದಲು ಪ್ರತಿಯೊಬ್ಬರೂ ತಮ್ಮ ಖರ್ಚಿನಲ್ಲಿ ಸರ್ವೇಯರನ್ನು ಕರೆತರಬೇಕು. ಮನೆ ಸಿಗುವುದು ಒಬ್ಬರಿಗೆ, ಸರ್ವೆಯ ಹಣ ಕಳೆದುಕೊಳ್ಳುವುದು ಉಳಿದವರೆಲ್ಲ. 2008ರ ಡಿಸೆಂಬರ್ 1ರಿಂದ ಅಲ್ಲಿ ನಿಯಮ ಬದಲಾಯಿತು. ಮಾರುವವರೇ ಮನೆ ವರದಿಯನ್ನು ಸಿದ್ಧಮಾಡಿಸಿ ಆಸಕ್ತರಿಗೆ ಕೊಡಬೇಕು. ಅದರಲ್ಲಿ ಸರ್ವೆ, ಇಂಧನ ಬಳಕೆಯ ವಿವರ, ಮಾಲೀಕರು ಉತ್ತರಿಸಬೇಕಾದ ಪ್ರಶ್ನಾವಳಿ ಮೂರೂ ಇರುತ್ತವೆ. ಮನೆಯ ಒಂದೊಂದು ಭಾಗಕ್ಕೂ 1, 2, 3 ಎಂದು ದರ್ಜೆ. 3 ಬಂದರೆ ದುರಸ್ತಿ ತುರ್ತು. ಮನೆಯನ್ನು ಮಾರುಕಟ್ಟೆಗೆ ತರುವ ದಿನ ವರದಿಗೆ ಹನ್ನೆರಡು ವಾರಕ್ಕಿಂತ ಹೆಚ್ಚು ವಯಸ್ಸಾಗಿರಬಾರದು. ಹಣ ಕೊಟ್ಟವರು ಮಾರುವವರಾದರೂ ಸರ್ವೇಯರ್ ಕೊಳ್ಳುವವರಿಗೂ ಹೊಣೆಗಾರ.

ಡೆನ್ಮಾರ್ಕ್ 1996ರಿಂದಲೇ ಇನ್ನೊಂದು ದಾರಿ ಹಿಡಿದಿದೆ, ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅದೇ. ಅಲ್ಲಿ ತಪಾಸಣೆ ಕಡ್ಡಾಯವಲ್ಲ, ಆದರೆ ಮಾಡಿಸಿದವರಿಗೆ ದೊಡ್ಡ ಲಾಭವಿದೆ. ಗುಪ್ತ ದೋಷಗಳಿಗೆ ಮಾರಿದವರು ಹತ್ತು ವರ್ಷದವರೆಗೆ ಉತ್ತರ ಹೇಳಬೇಕಾಗಬಹುದು. ಕಟ್ಟಡದ ಸ್ಥಿತಿಯ ವರದಿ ಮತ್ತು ವಿದ್ಯುತ್ ವ್ಯವಸ್ಥೆಯ ವರದಿ ಎರಡನ್ನೂ ಕೊಟ್ಟು, ಕೊಳ್ಳುವವರ ವಿಮೆಯ ಕಂತಿನಲ್ಲಿ ಅರ್ಧ ಭರಿಸಲು ಒಪ್ಪಿದರೆ ಆ ಹೊಣೆಯ ಬಹುಪಾಲು ಇಳಿದುಹೋಗುತ್ತದೆ. ವರದಿಗೆ ಕಾಣದ ದೋಷ ಮುಂದೆ ಹೊರಬಿದ್ದರೆ ವಿಮೆ ನೋಡಿಕೊಳ್ಳುತ್ತದೆ. ಮಾರಿದವರು ನೆಮ್ಮದಿಯಿಂದ ನಿದ್ದೆ ಮಾಡಬಹುದು, ಕೊಂಡವರು ಕೋರ್ಟಿಗೆ ಅಲೆಯಬೇಕಿಲ್ಲ. ನಾರ್ವೆ 2022ರ ಜನವರಿಯಲ್ಲಿ ಇನ್ನೂ ಬಿಗಿಯಾಯಿತು. ‘ಇದ್ದಂತೆ ಮಾರುತ್ತಿದ್ದೇನೆ’ ಎಂದು ಬರೆದು ಕೈ ತೊಳೆದುಕೊಳ್ಳುವ ಅವಕಾಶವನ್ನು ಗ್ರಾಹಕರಿಗೆ ಮಾರುವ ಮನೆಗಳ ಮಟ್ಟಿಗೆ ತೆಗೆದುಹಾಕಿತು. ಜೊತೆಗೆ, ವರದಿಯಲ್ಲಿ ಸ್ಪಷ್ಟವಾಗಿ ಬರೆದದ್ದು ಕೊಂಡವರಿಗೆ ತಿಳಿದಿತ್ತು ಎಂದೇ ಭಾವಿಸುವುದೆಂದೂ ಹೇಳಿತು. ಅಲ್ಲಿಂದಾಚೆಗೆ ದೋಷವನ್ನು ಬರೆದಿಡುವುದು ಮಾರುವವರಿಗೇ ರಕ್ಷೆಯಾಯಿತು.

ಸೋತ ಪ್ರಯತ್ನ ಇಂಗ್ಲೆಂಡಿನದು, ಅದರಿಂದ ನಾವು ಕಲಿಯುವುದು ಹೆಚ್ಚು. 2007ರಲ್ಲಿ ಅಲ್ಲಿ ಮನೆ ಮಾರುವವರು ಒಂದು ಮಾಹಿತಿ ಕಟ್ಟನ್ನು ಕೊಡಬೇಕೆಂಬ ನಿಯಮ ಬಂತು. ಆದರೆ ವಿರೋಧಕ್ಕೆ ಅಂಜಿ, ಕಟ್ಟಡದ ಸ್ಥಿತಿಯ ವರದಿಯನ್ನು 2006ರಲ್ಲೇ ಐಚ್ಛಿಕ ಮಾಡಿಬಿಟ್ಟಿದ್ದರು. ಉಳಿದದ್ದು ಹಕ್ಕುಪತ್ರ, ಸ್ಥಳೀಯ ಆಡಳಿತದ ದಾಖಲೆ, ಇಂಧನ ಪ್ರಮಾಣಪತ್ರ. 2010ರ ಮೇ ತಿಂಗಳಲ್ಲಿ ಹೊಸ ಸರ್ಕಾರ ಬಂದೊಡನೆ ಅದನ್ನು ನಿಲ್ಲಿಸಿತು. ಇಂಧನ ಪ್ರಮಾಣಪತ್ರವೊಂದು ಉಳಿಯಿತು. ಜೀವ ಇದ್ದದ್ದು ಗೋಡೆಯ ವರದಿಯಲ್ಲಿ. ಅದನ್ನು ತೆಗೆದ ಮೇಲೆ ಉಳಿದ ಕಾಗದದ ಕಟ್ಟನ್ನು ಉಳಿಸಿಕೊಳ್ಳಲು ಯಾರಿಗೂ ಕಾರಣ ಇರಲಿಲ್ಲ. ನಮ್ಮ ಇಂದಿನ ಪದ್ಧತಿಯೂ ಬಹುತೇಕ ಅದೇ ಕಾಗದದ ಕಟ್ಟು.

ಅಮೆರಿಕದಲ್ಲಿ ಪರೀಕ್ಷೆ ಮಾಡಿಸುವುದು ವಾಡಿಕೆಯಂತೆ ಕೊಳ್ಳುವವರು, ಅದೂ ಬೆಲೆ ಒಪ್ಪಿದ ಮೇಲೆ. ಅಲ್ಲಿನ ಮನೆ ತಪಾಸಕರ ಸಂಘ ಹುಟ್ಟಿದ್ದು 1976ರಲ್ಲಿ. ಆದರೆ ಸಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ, ನಮ್ಮ ಕನ್ನಡಿಗರು ಸಾವಿರಾರು ಸಂಖ್ಯೆಯಲ್ಲಿ ಮನೆ ಮಾಡಿಕೊಂಡಿರುವ ಆ ಸೀಮೆಯಲ್ಲಿ, ಮಾರುವವರೇ ಕಟ್ಟಡದ ವರದಿ, ಗೆದ್ದಲಿನ ವರದಿ ಎರಡನ್ನೂ ಮುಂಚಿತವಾಗಿ ಮಾಡಿಸಿ ಎಲ್ಲ ಆಸಕ್ತರಿಗೂ ಹಂಚುವುದು ರೂಢಿ. ಪೈಪೋಟಿ ಹೆಚ್ಚಿರುವ ಕಡೆ ಕೊಳ್ಳುವವರು ಷರತ್ತಿಲ್ಲದೆ ಬೆಲೆ ಕೂಗಬೇಕಾದರೆ ಮನೆಯ ಸ್ಥಿತಿ ಮೊದಲೇ ಗೊತ್ತಿರಬೇಕು, ಕಾರಣ ಅಷ್ಟೇ. ಕ್ಯಾಲಿಫೋರ್ನಿಯಾ ಹೀಗಾದದ್ದರ ಹಿಂದೆ 1984ರ ಒಂದು ತೀರ್ಪೂ ಇದೆ. ಸರಿಯಾಗಿ ದಮ್ಮಸು ಮಾಡದೆ ಮಣ್ಣು ತುಂಬಿದ ಜಾಗದಲ್ಲಿ ಕಟ್ಟಿದ ಮನೆ. ಹಿಂದೆ ಮಣ್ಣು ಜಾರಿದ್ದನ್ನು ಮಾರುವವರು ಹೇಳಿರಲಿಲ್ಲ. ಇಳಿಜಾರಿಗೆ ಹೊದಿಸಿದ್ದ ಬಲೆಯನ್ನೂ ಓರೆಯಾದ ನೆಲವನ್ನೂ ಏಜೆಂಟರು ಕಂಡಿದ್ದರು, ಆದರೆ ಕೆದಕಿ ನೋಡಲಿಲ್ಲ. ಮಾರಾಟವಾದ ಮೇಲೆ ಮಣ್ಣು ಮತ್ತೆ ಜರಿಯಿತು. ಕಣ್ಣಿಗೆ ಬೀಳುವ ಸೂಚನೆಗಳನ್ನು ಪರೀಕ್ಷಿಸಿ ಹೇಳುವುದು ಏಜೆಂಟರ ಹೊಣೆ ಎಂದು ಕೋರ್ಟು ಹೇಳಿತು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದದ್ದನ್ನು ಕಂಡ ನಮಗೆ ಈ ಮೊಕದ್ದಮೆ ದೂರದ್ದೆನಿಸಬಾರದು. ಗುಡ್ಡ ಕಡಿದು ಮಟ್ಟ ಮಾಡಿದ ಜಾಗದಲ್ಲಿ ಕಟ್ಟಿದ ಮನೆ ಮಾರುವಾಗ ಬರೆಯ ಎತ್ತರ, ತಡೆಗೋಡೆ, ಮಳೆನೀರು ಇಳಿದುಹೋಗುವ ದಾರಿ ಇವುಗಳ ಬಗ್ಗೆ ಎಂಜಿನಿಯರರ ಮಾತು ಕಾಗದದ ಮೇಲೆ ಇರಲೇಬೇಕು.

ಈಗ ಮಾರುವವರ ಅಂಜಿಕೆ. ಅದು ಸುಳ್ಳಲ್ಲ. ಪರೀಕ್ಷೆ ಮಾಡಿಸಿದರೆ ದೋಷ ಗೊತ್ತಾಗುತ್ತದೆ, ಗೊತ್ತಾದರೆ ಹೇಳಬೇಕಾಗುತ್ತದೆ, ಹೇಳಿದರೆ ಬೆಲೆ ಇಳಿಯುತ್ತದೆ; ಗೊತ್ತಿಲ್ಲದೇ ಇರುವುದೇ ಕ್ಷೇಮ. ಅಮೆರಿಕದ ಏಜೆಂಟರಲ್ಲೂ ಹೀಗೆ ಸಲಹೆ ಕೊಡುವವರಿದ್ದಾರೆ. ಆದರೆ ಹದಿನೈದು ಇಪ್ಪತ್ತು ಮಳೆಗಾಲ ಆ ಮನೆಯಲ್ಲಿ ಕಳೆದವರಿಗೆ ಎಲ್ಲಿ ಸೋರುತ್ತದೆ ಎಂಬುದು ವರದಿ ಇಲ್ಲದೆಯೂ ಗೊತ್ತು. ಗೊತ್ತಿಲ್ಲದಿರುವುದು ಅದು ಏಕೆ ಸೋರುತ್ತದೆ, ಸರಿಮಾಡಲು ಎಷ್ಟಾಗುತ್ತದೆ ಎಂಬುದು. ಬೆಲೆ ಮುರಿಯುವುದು ಈ ಅರಿವಿನ ಕೊರತೆಯಿಂದ. ಕರಾರು ಬರೆದು, ಮುಂಗಡ ಕೊಟ್ಟು, ನೋಂದಣಿಗೆ ಎರಡು ಮೂರು ತಿಂಗಳು ಇರುವಾಗ ಕೊಳ್ಳುವವರ ಕಡೆಯ ಮೇಸ್ತ್ರಿ ಬಂದು ಬಿರುಕು ತೋರಿಸಿ ತಲೆಯಾಡಿಸಿದರೆ ಸಾಕು, ಕೈಯಲ್ಲಿ ಅಂದಾಜಿಲ್ಲದ ಮಾಲೀಕರು ಕೇಳಿದಷ್ಟು ಇಳಿಸುತ್ತಾರೆ, ಇಲ್ಲವೇ ವ್ಯವಹಾರ ಮುರಿಯುತ್ತದೆ. ದೋಷ ಸಣ್ಣದು, ಕಾರಣ ಇದು, ದುರಸ್ತಿಗೆ ಇಷ್ಟು ಎಂಬ ಕಾಗದ ಮುಂಚೆಯೇ ಇದ್ದರೆ ಮಾತು ಆ ಮೊತ್ತದ ಸುತ್ತಲೇ ನಡೆಯುತ್ತದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಇಟ್ಟುಕೊಂಡು ಇದನ್ನೇ ತೋರಿಸಿದರು. ಒಳಗಿನ ಗುಣ ಕೊಳ್ಳುವವರಿಗೆ ಕಾಣದಿದ್ದಾಗ ಅವರು ಎಲ್ಲವನ್ನೂ ಅನುಮಾನದ ಬೆಲೆಗೇ ಕೇಳುತ್ತಾರೆ, ನಷ್ಟವಾಗುವುದು ಒಳ್ಳೆಯ ವಸ್ತು ಇಟ್ಟುಕೊಂಡವರಿಗೆ. ಮನೆಯನ್ನು ಮುತುವರ್ಜಿಯಿಂದ ಕಾಪಾಡಿಕೊಂಡು ಬಂದ ಮಾಲೀಕರಿಗೆ ತಮ್ಮ ಮನೆ ಪಕ್ಕದ ಮನೆಯಂತಲ್ಲ ಎಂದು ತೋರಿಸಲು ಇಂದು ಯಾವ ಸಾಧನವೂ ಇಲ್ಲ. ನನಗೆ ಅತ್ಯಂತ ನೋವೆನಿಸುವುದು ಇದೇ.

ಇನ್ನು ಏನನ್ನು ನೋಡಬೇಕು? ಇದು ಊರಿಂದ ಊರಿಗೆ ಬೇರೆ. ಬೆಂಗಳೂರು, ಮೈಸೂರಿನ ಎಂಬತ್ತು ತೊಂಬತ್ತರ ದಶಕದ ಆರ್‌ಸಿಸಿ ಮನೆಗಳಲ್ಲಿ ಮುಖ್ಯ ಶತ್ರು ಕಂಬಿಯ ತುಕ್ಕು. ಹೊಸ ಕಾಂಕ್ರೀಟು ಕ್ಷಾರೀಯ, ಅದರ ಪಿಎಚ್ 12ರಿಂದ 13ರವರೆಗೆ ಇರುತ್ತದೆ. ಆ ಕ್ಷಾರವೇ ಒಳಗಿನ ಕಂಬಿಯನ್ನು ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿಯುತ್ತ ಹೋದಂತೆ ಕ್ಷಾರ ಕುಂದುತ್ತದೆ, ನೀರೂ ಸೇರಿದರೆ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಲೋಹಕ್ಕಿಂತ ಹಲವು ಪಟ್ಟು ಜಾಗ ಕೇಳುವುದರಿಂದ ಕಾಂಕ್ರೀಟು ಸಿಡಿದು ಸೂರಿನ ಗಾರೆ ಕಳಚುತ್ತದೆ. ಸಜ್ಜಾದ ಅಂಚು, ಬಾಲ್ಕನಿಯ ಅಡಿ, ಬಚ್ಚಲಿನ ಕೆಳಗಿನ ಸೂರು, ಟ್ಯಾಂಕಿನ ಕೆಳಗಿನ ತೊಲೆ, ಇವು ಮೊದಲು ಬೀಳುವ ಜಾಗಗಳು. ಕೋಲಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಎಂಜಿನಿಯರರು ಸಣ್ಣ ಚೂರು ಒಡೆದು ಫಿನಾಲ್ಫ್ಥಲೀನ್ ಸಿಂಪಡಿಸುತ್ತಾರೆ. ಗಾಢ ಗುಲಾಬಿಗೆ ತಿರುಗಿದರೆ ಕ್ಷಾರ ಉಳಿದಿದೆ, ಬಣ್ಣ ಬಾರದಿದ್ದರೆ ಹೋಗಿದೆ. ರಿಬೌಂಡ್ ಹ್ಯಾಮರ್‌ನಿಂದ ಮೇಲ್ಮೈಯ ಗಟ್ಟಿತನದ ಅಂದಾಜು ಸಿಗುತ್ತದೆ. ಇಂಥ ಸೂರಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಎರಡು ಮಳೆಗಾಲ ಮುಚ್ಚಿಟ್ಟಂತಾಗುತ್ತದೆ. ಮೂರನೆಯದರಲ್ಲಿ ಅದರ ಕೆಳಗೆ ಇನ್ನೊಬ್ಬರ ಮಗು ಮಲಗಿರುತ್ತದೆ.

ಗೋಡೆಯ ತೇವಕ್ಕೆ ಕಾರಣ ಹಲವು. ಒಡೆದ ಪೈಪು, ಟೈಲ್ಸಿನ ಸಂದು, ಸಂಪಿನ ಜಿನುಗು, ಪಾಯದಿಂದ ಮೇಲೇರುವ ನೀರು, ಪಕ್ಕದ ಮನೆಯವರ ಬಚ್ಚಲು. ಒಂದೊಂದಕ್ಕೂ ಮದ್ದು ಬೇರೆ, ಕಾರಣ ಹುಡುಕದೆ ಸುರಿದ ವಾಟರ್‌ಪ್ರೂಫಿಂಗ್ ಹಣ ವ್ಯರ್ಥ. ಸಂಪು ತುಂಬಿಸಿ, ನೀರು ಬಳಸದೆ ಒಂದು ರಾತ್ರಿ ಬಿಟ್ಟು ಮಟ್ಟ ನೋಡುವುದು, ಬಚ್ಚಲಿನ ನೆಲದಲ್ಲಿ ನೀರು ಕಟ್ಟಿ ಕೆಳಗಿನ ಸೂರನ್ನು ಗಮನಿಸುವುದು, ಇವಕ್ಕೆ ಯಂತ್ರವೂ ಬೇಡ.

ಧಾರವಾಡ, ಗದಗ, ವಿಜಯಪುರ, ಕಲಬುರಗಿಯ ಎರೆಭೂಮಿಯಲ್ಲಿ ಪಾಯವೇ ಪ್ರಶ್ನೆ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಸೆಟೆದು ಬಿರಿಯುತ್ತದೆ, ಮೇಲಿನ ಗೋಡೆಯೂ ಅದರೊಡನೆ ಏರಿಳಿಯುತ್ತದೆ. ಗಾರೆಯ ಕೂದಲೆಳೆಯ ಬಿರುಕಿಗೂ, ಕಿಟಕಿಯ ಮೂಲೆಯಿಂದ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಿರುಕಿಗೂ ಅಜಗಜಾಂತರ. ಬಿರುಕಿನ ಮೇಲೆ ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಿಂದ ಕೂರಿಸಿ ದಿನಾಂಕ ಬರೆದಿಡುವುದು ಹಳೆಯ ಕ್ರಮ. ತಿಂಗಳುಗಳ ನಂತರ ಗಾಜು ಒಡೆದಿದ್ದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ಮಾರಲು ಒಂದು ವರ್ಷ ಇರುವಾಗಲೇ ತಪಾಸಣೆ ಶುರುಮಾಡಿ ಎಂದು ನಾನು ಹೇಳುವುದು ಇದಕ್ಕೇ.

ಕರಾವಳಿಯ ಹಂಚಿನ ಮನೆಗಳ ಕಥೆ ಇನ್ನೊಂದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹರಡಿದ ಆ ಹಂಚು ಇಂದಿಗೂ ಗಟ್ಟಿ; ಒಡೆದದ್ದನ್ನು ಬದಲಿಸಬಹುದು. ಸೋಲುವುದು ಅದನ್ನು ಹೊತ್ತ ಮರ. ಪಕಾಸು ಗೋಡೆಯೊಳಗೆ ಕೂರುವ ತುದಿಯಲ್ಲಿ ತೇವ ನಿಲ್ಲುತ್ತದೆ, ಗೆದ್ದಲು ಅಲ್ಲಿಂದಲೇ ಒಳಹೊಗುತ್ತದೆ. ಹೊರಗೆ ನುಣುಪಾಗಿ ಕಾಣುವ ಮರಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರೆ ಸಲೀಸಾಗಿ ಇಳಿಯುತ್ತದೆ. ಕಡಲ ಹತ್ತಿರದ ಕಾಂಕ್ರೀಟಿಗೆ ಉಪ್ಪಿನ ಗಾಳಿಯ ಕಾಟವೂ ಸೇರುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಚೌಕಾಸಿಗೆ ಎಡೆಯಿಲ್ಲ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೂರನೆಯ ತಂತಿ ಎಲ್ಲಿಗೂ ಹೋಗಿರುವುದಿಲ್ಲ. ಅರ್ತಿಂಗ್ ಅಳೆಸಿ, ಸೋರುವ ವಿದ್ಯುತ್ತನ್ನು ಕಡಿದುಹಾಕುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ಪರೀಕ್ಷೆಯೂ ವರದಿಯಲ್ಲಿರಲಿ; ಕುಡಿಯುವ ನೀರಿಗೆ ನಮ್ಮ ಮಾನಕದ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ.

ಫ್ಲಾಟ್ ಮಾರುವವರಿಗೆ ಒಂದು ಮಾತು. ಸ್ವಾಧೀನ ಸಿಕ್ಕಿ ಐದು ವರ್ಷ ತುಂಬದಿದ್ದರೆ ರೇರಾ ಕಾಯ್ದೆಯ 14ನೇ ಕಲಮಿನಂತೆ ರಚನೆಯ, ಕೆಲಸಗಾರಿಕೆಯ ದೋಷಗಳನ್ನು ಬಿಲ್ಡರೇ ಹೆಚ್ಚಿನ ಹಣ ಕೇಳದೆ ಸರಿಪಡಿಸಿಕೊಡಬೇಕು, ತಿಳಿಸಿದ ಮೂವತ್ತು ದಿನದೊಳಗೆ. ನಾಲ್ಕನೇ ವರ್ಷದಲ್ಲಿ ತಪಾಸಣೆ ಮಾಡಿಸಿ ಲಿಖಿತ ದೂರು ಕೊಟ್ಟವರು ತಮ್ಮ ಖರ್ಚಿಲ್ಲದೆ ದುರಸ್ತಿಯಾದ ಮನೆಯನ್ನು ಮಾರಬಹುದು. ಆರನೇ ವರ್ಷದಲ್ಲಿ ಎಚ್ಚೆತ್ತವರಿಗೆ ಆ ದಾರಿ ಮುಚ್ಚಿರುತ್ತದೆ. ನೆಲಮಾಳಿಗೆಯ ಜಿನುಗು, ಲಿಫ್ಟು, ಕೊಳಚೆ ನೀರಿನ ಸಂಸ್ಕರಣಾ ಘಟಕ ಇವು ಸಂಘದ ಪಾಲಿನವು; ಸಂಘ ಮಾಡಿಸಿದ ಪರೀಕ್ಷೆಯ ಪ್ರತಿ ಕೇಳಿ ಪಡೆಯಿರಿ.

ಕಾಗದದ ಪರೀಕ್ಷೆಯನ್ನೂ ಮಾರುವವರೇ ಮೊದಲು ಮಾಡಿಸಿಕೊಳ್ಳುವುದು ಒಳಿತು. ಬೆಂಗಳೂರಿನಲ್ಲಿ 2024ರಿಂದ ನೋಂದಣಿಗೆ ಇ-ಖಾತಾ ಬೇಕು. ಅದರಲ್ಲಿನ ಅಳತೆ, ಹೆಸರು ಕ್ರಯಪತ್ರದೊಡನೆ ತಾಳೆಯಾಗದೆ ತಿಂಗಳುಗಟ್ಟಲೆ ಅಲೆದವರು ಎಷ್ಟೋ ಜನ. ಮಂಜೂರಾದ ನಕ್ಷೆ ಮೀರಿ ಕಟ್ಟಿದ್ದರೆ ಅದನ್ನು ಸಕ್ರಮ ಮಾಡಿಕೊಡುವ ಅಕ್ರಮ-ಸಕ್ರಮ ಯೋಜನೆಯನ್ನು ನೆಚ್ಚಿಕೊಳ್ಳುವಂತಿಲ್ಲ, 2017ರಲ್ಲೇ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಪಿತ್ರಾರ್ಜಿತ ಸ್ವತ್ತಾದರೆ ಹೆಣ್ಣುಮಕ್ಕಳ ಸಹಿ. ಕರ್ನಾಟಕ 1994ರಲ್ಲೇ ಅವರಿಗೆ ಸಮಪಾಲು ಕೊಟ್ಟಿತ್ತು, 2005ರ ಕೇಂದ್ರದ ತಿದ್ದುಪಡಿಯ ವ್ಯಾಪ್ತಿಯನ್ನು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಕೊಳ್ಳುವವರ ವಕೀಲರು ಹೇಳಿದ ಮೇಲೆ ಅಕ್ಕತಂಗಿಯರಿಗೆ ಫೋನು ಮಾಡುವುದು ಸಂಬಂಧಕ್ಕೂ ಮರ್ಯಾದೆಯಲ್ಲ.

ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು: ಮಾರುವವರು ಹಣ ಕೊಟ್ಟು ಬರೆಸಿದ ವರದಿಯನ್ನು ಕೊಳ್ಳುವವರು ಏಕೆ ನಂಬಬೇಕು? ನಮ್ಮಲ್ಲಿ ಮನೆ ತಪಾಸಕರಿಗೆಂದೇ ಪರವಾನಗಿ ಕೊಡುವ ಕಾನೂನಿಲ್ಲ. ದೊಡ್ಡ ಊರುಗಳಲ್ಲಿ ಈ ಕೆಲಸ ಮಾಡುವ ಖಾಸಗಿ ಸಂಸ್ಥೆಗಳು ಬಂದಿವೆ, ಉಳಿದೆಡೆ ಸ್ಟ್ರಕ್ಚರಲ್ ಎಂಜಿನಿಯರರೇ ಗತಿ. ಹಾಗಾಗಿ ಸದ್ಯಕ್ಕೆ ನಂಬಿಕೆ ಬರಬೇಕಾದದ್ದು ವರದಿಯ ಸ್ವರೂಪದಿಂದ. ಬರೆದವರ ಹೆಸರು, ಸಹಿ, ಅರ್ಹತೆ, ನೋಡಿದ ದಿನ, ದೋಷದ ಫೋಟೊ, ಅಳತೆಯ ಅಂಕಿಗಳು, ನೋಡಲಾಗದ ಭಾಗಗಳ ಪಟ್ಟಿ. ದುರಸ್ತಿ ಮಾಡಿಸಿದ್ದರೆ ಮೊದಲಿನ ಚಿತ್ರ, ನಂತರದ ಚಿತ್ರ, ಬಿಲ್ಲು. ಕೊಳ್ಳುವವರು ತಮ್ಮ ಎಂಜಿನಿಯರನ್ನು ಕರೆತಂದು ತಾಳೆ ನೋಡಲು ಬಾಗಿಲು ತೆರೆದಿರಬೇಕು. ಬಾಗಿಲು ತೆರೆಯಲು ಹಿಂಜರಿಯುವ ಮಾಲೀಕರ ವರದಿಗೆ ಬೆಲೆಯಿಲ್ಲ.

ಈ ವರದಿಯ ಅಗತ್ಯ ಎಲ್ಲರಿಗಿಂತ ಹೆಚ್ಚು ಇರುವುದು ಹೊರನಾಡಿನಲ್ಲಿರುವ ಮಕ್ಕಳಿಗೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಮೈಸೂರಿನದೋ ಶಿವಮೊಗ್ಗದ್ದೋ ಮನೆ ಬೀಗ ಹಾಕಿ ವರ್ಷಗಟ್ಟಲೆ ನಿಂತಿರುತ್ತದೆ. ಬಳಸದ ಪೈಪು ಒಣಗಿ ಸಂದು ಬಿಡುತ್ತದೆ, ತಾರಸಿಯ ನೀರಿನ ಕಂಡಿಗೆ ಎಲೆ ತುಂಬುತ್ತದೆ, ಮರಕ್ಕೆ ಗೆದ್ದಲು ಹತ್ತುತ್ತದೆ. ನ್ಯೂಜೆರ್ಸಿಯಲ್ಲೋ ದುಬೈಯಲ್ಲೋ ಕೂತವರಿಗೆ ಇದಾವುದೂ ಕಾಣುವುದಿಲ್ಲ; ಬ್ರೋಕರ್ ಹೇಳಿದ್ದೇ ಮನೆಯ ಸ್ಥಿತಿ, ಬ್ರೋಕರ್ ಹೇಳಿದ್ದೇ ಬೆಲೆ. ಅಧಿಕಾರ ಪತ್ರ ಬರೆಯುವ ಮೊದಲು ಅವರು ಸ್ವತಂತ್ರ ಎಂಜಿನಿಯರೊಬ್ಬರಿಂದ ವರದಿ ತರಿಸಿಕೊಳ್ಳಲಿ, ಅದೂ ಜುಲೈ-ಆಗಸ್ಟಿನ ಮಳೆಯಲ್ಲಿ, ಸೋರಿಕೆ ತಾನಾಗಿ ಕಾಣುವ ಕಾಲದಲ್ಲಿ.

ಸರ್ಕಾರದಿಂದ ಆಗಬೇಕಾದದ್ದು ದೊಡ್ಡದೇನಲ್ಲ. ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಕ್ರಯಪತ್ರಕ್ಕೆ ಎರಡು ಪುಟದ ಅನುಬಂಧ ಸೇರಿಸಬಹುದು: ಮನೆ ಕಟ್ಟಿದ ವರ್ಷ, ಸೋರಿಕೆಯ ಇತಿಹಾಸ, ಕಂಬಿ ಕಾಣುವ ಜಾಗಗಳು, ಗೆದ್ದಲಿಗೆ ಮದ್ದು ಹೊಡೆಸಿದ ದಿನಾಂಕ, ಅರ್ತಿಂಗ್ ಅಳತೆ, ನೀರಿನ ಪರೀಕ್ಷೆ, ಮಳೆಗಾಲದಲ್ಲಿ ರಸ್ತೆಯ ನೀರು ಒಳಗೆ ಬಂದದ್ದುಂಟೇ ಎಂಬ ಪ್ರಶ್ನೆ. ಮೊದಲ ಕೆಲವು ವರ್ಷ ಅದು ಐಚ್ಛಿಕವಾಗಿಯೇ ಇರಲಿ. ತುಂಬಿಕೊಟ್ಟವರಿಗೆ ಡೆನ್ಮಾರ್ಕಿನವರಂತೆ ಮುಂದಿನ ದಾವೆಗಳಿಂದ ರಕ್ಷಣೆ ಸಿಗುವ ಹಾಗೆ 55ನೇ ಕಲಮಿಗೆ ರಾಜ್ಯದ ತಿದ್ದುಪಡಿಯೊಂದನ್ನು ತರಬಹುದು. ಸ್ವತ್ತಿನ ವರ್ಗಾವಣೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ರಾಷ್ಟ್ರಪತಿಗಳ ಅಂಕಿತ ಪಡೆದು ರಾಜ್ಯಗಳು ಇಂಥ ತಿದ್ದುಪಡಿ ತರಲು ಅವಕಾಶವಿದೆ.